ಹಬ್ಬ ಮಾಡಿಸುವವರ ಹಬ್ಬ

ಹಬ್ಬವೆಂದರೆ ನನಗೆ ಮೊದಲು ನೆನಪಾಗುವುದು ಊರಿಗೆ ಹೋಗುವ ಬಸ್ಸು. ಹೋಳಿಗೆ, ಹೊಸ ಬಟ್ಟೆ, ಪೂಜೆ ಎಲ್ಲ ಆಮೇಲೆ. ಯುಗಾದಿಯ ಮುನ್ನಾದಿನ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತು ನೋಡಿ. ಬೆಂಗಳೂರಿನ ಬಸ್ಸು ಬಂದು ನಿಂತಿದ್ದೇ ತಡ, ಇಳಿಯುವವರ ಒಂದು ಕೈಯಲ್ಲಿ ಸಿಹಿಯ ಡಬ್ಬಿ, ಇನ್ನೊಂದರಲ್ಲಿ ಕೂಸು, ಕಿವಿಗೂ ಹೆಗಲಿಗೂ ನಡುವೆ ಫೋನು. "ಬಂದ್ವಿ ಅವ್ವ, ಕಂಪ್ಲಿ ಬಸ್ಸು ಸಿಕ್ಕೈತೆ, ಉಣ್ಣಾಕ ಬರ್ತೀವಿ" ಎಂದು ಕೂಗಿ ಹೇಳುತ್ತಿರುತ್ತಾರೆ. ಅತ್ತ ಕಡೆಯ ಅವ್ವನಿಗೆ ಫೋನಿಲ್ಲದೆಯೂ ಕೇಳಿಸಬೇಕು, ಅಷ್ಟು ಜೋರು. ಆ ಗದ್ದಲದಲ್ಲಿ ನಿಂತಾಗ ನನಗೆ ಮನಸ್ಸು ತುಂಬುತ್ತದೆ. ಯಾರ ಮನೆಗೋ ಯಾರೋ ಹೋಗುತ್ತಿದ್ದಾರೆ, ನನಗೇನು ಅನ್ನಬಹುದು. ಆದರೂ ತುಂಬುತ್ತದೆ.

ನಮ್ಮ ಕುರೆಕುಪ್ಪದಲ್ಲಿ ಈ ಬಸ್ಸಿನ ಲೆಕ್ಕ ತಿರುವುಮುರುವಾಗಿದೆ. ನಾನು ಚಿಕ್ಕವನಿದ್ದಾಗ ಇದು ಸಂಡೂರು ತಾಲ್ಲೂಕಿನ ಒಂದು ಹಳ್ಳಿ. ಜೋಳ, ಹತ್ತಿ, ದನಕರು; ಪಕ್ಕದಲ್ಲೇ ತೋರಣಗಲ್ಲಿನ ರೈಲು ನಿಲ್ದಾಣ. ಕೆಲಸ ಹುಡುಕಿ ಹೋದ ನಮ್ಮವರು ಹಬ್ಬಕ್ಕೆ ಇಲ್ಲಿಗೆ ಬರುತ್ತಿದ್ದರು. ಈಗ ಊರಿಗೆ ಪುರಸಭೆ ಬಂದಿದೆ, ಮಗ್ಗುಲಲ್ಲಿ ಜಿಂದಾಲ್ ಕಾರ್ಖಾನೆ ಬೆಳೆದು ನಿಂತಿದೆ, ಕೆಲಸ ಹುಡುಕಿಕೊಂಡು ಬೇರೆಯವರೇ ಇಲ್ಲಿಗೆ ಬಂದಿದ್ದಾರೆ. ಒಡಿಶಾದವರು, ಬಿಹಾರದವರು, ಜಾರ್ಖಂಡಿನವರು, ಬಂಗಾಳದವರು. ದುರ್ಗಾಪೂಜೆ, ಛಠ್ ಪೂಜೆ ಹತ್ತಿರವಾದಂತೆ ಅವರ ಮಾತಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ಸಿನ ಹೆಸರು ಹೆಚ್ಚು ಕೇಳುತ್ತದೆ. ಗೋವಾದಿಂದ ಹೊಸಪೇಟೆ, ಬಳ್ಳಾರಿ ಹಾಯ್ದು ಹೌರಾದ ಕಡೆಗೆ ಹೋಗುವ ಗಾಡಿ ಅದು. ಟಿಕೆಟ್ಟು ಸಿಕ್ಕವನ ಮುಖ ನೋಡಬೇಕು. ಸಿಗದವನ ಮುಖವನ್ನೂ ನೋಡಬೇಕು. ಇನ್ನು ಟಿಕೆಟ್ಟು ಸಿಕ್ಕರೂ ಹೋಗಲಾಗದವರಿದ್ದಾರೆ. ಕಬ್ಬಿಣ ಕರಗಿಸುವ ಫರ್ನೇಸನ್ನು ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸುವ ಹಾಗಿಲ್ಲ. ದೀಪಾವಳಿಯೆಂದು ಅದು ಕಾಯುವುದಿಲ್ಲ. ಪಾಳಿಯ ಮೇಲೆ ಯಾರೋ ಇರಲೇಬೇಕು.

ಆದರೆ ನಾನು ಹೇಳಹೊರಟದ್ದು ಪಾಳಿಯವರ ವಿಚಾರವೂ ಅಲ್ಲ. ಇನ್ನೊಂದು ಜಾತಿಯ ಜನರಿದ್ದಾರೆ. ಹಬ್ಬವೇ ಅವರ ಕೆಲಸ. ಊರೆಲ್ಲ ತೇರು ಎಳೆಯುವ ದಿನ ತೇರಿನ ಮೇಲೆ ಕೂತ ಅರ್ಚಕರ ಮನೆಯಲ್ಲಿ ಮಧ್ಯಾಹ್ನ ಮೂರಾದರೂ ಎಲೆ ಹಾಕಿರುವುದಿಲ್ಲ. ಮದುವೆ ಮಾಡಿಸುವ ಅಯ್ಯನವರು, ಮೊಹರಂ ಹೊತ್ತಿಗೆ ಪೀರಲ ದೇವರನ್ನು ಹೊರುವವರು, ಜಾತ್ರೆಯ ದಾಸೋಹದಲ್ಲಿ ಸೌಟು ಹಿಡಿದವರು, ಇವರೆಲ್ಲ ಆ ಜನ. ಉಳಿದವರ ಹಬ್ಬ ಚೆನ್ನಾಗಿ ಆಗಲೆಂದು ತಮ್ಮ ಹಬ್ಬವನ್ನು ಹಿಂದಕ್ಕೆ ಹಾಕಿದವರು. ಅವರಾದರೂ ಸಂಜೆಗೆ ಮನೆ ಸೇರುತ್ತಾರೆ. ಹಬ್ಬ ಮಾಡಿಸುವುದಕ್ಕೆಂದೇ ಸಮುದ್ರ ದಾಟಿ ಹೋದವರ ಗತಿಯೇನು?

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗ ಫಾದರ್. ಜರ್ಮನಿಯಲ್ಲಿ ಒಂದು ಚರ್ಚು, ಚರ್ಚೆಂದರೆ ಒಂದಲ್ಲ, ಅಕ್ಕಪಕ್ಕದ ನಾಲ್ಕಾರು ಹಳ್ಳಿಗಳ ಚರ್ಚು ನೋಡಿಕೊಳ್ಳುತ್ತಾರೆ. ಅಲ್ಲಿ ಸೆಮಿನರಿ ಸೇರುವ ಹುಡುಗರು ಕಡಿಮೆಯಾದದ್ದರಿಂದ ನಮ್ಮ ದೇಶದ ಎಷ್ಟೋ ಫಾದರ್‌ಗಳು ಅಲ್ಲಿಯ ಹಳ್ಳಿಗಳಿಗೆ ಹೋಗಿದ್ದಾರೆ. ಮಗ ಬೇಸಿಗೆಯಲ್ಲಿ ಬರುವುದುಂಟು, ಕ್ರಿಸ್ಮಸ್ಸಿಗೆ ಬರುವುದಿಲ್ಲ. ಹೋದ ಡಿಸೆಂಬರಿನಲ್ಲಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ. "ಈ ಸಲಾನಾದ್ರೂ ಹಬ್ಬಕ್ಕೆ ಬರ್ತಾರೇನವ್ವ ಫಾದರ್?"

"ಹಬ್ಬಕ್ಕೆ ಅವ ಇಲ್ಲಿಗೆ ಬಂದ್ರೆ ಅಲ್ಲಿ ಬಲಿಪೂಜೆ ಮಾಡೋರ್ಯಾರು ಮೇಷ್ಟ್ರೇ?" ಅಂದರು ಅಜ್ಜಿ. ಕಾಯಿ ಸುಲಿಯುವ ಕೈ ನಿಲ್ಲಲಿಲ್ಲ. ದುಃಖವಿತ್ತೆ? ಇತ್ತು. ಹೆಮ್ಮೆಯೂ ಇತ್ತು. ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟು ಹೇಳುವುದು ಆ ವಯಸ್ಸಿನ ತಾಯಂದಿರಿಗೆ ಬರುತ್ತದೆ, ನಮಗೆ ಬರುವುದಿಲ್ಲ.

ಆ ಮಾತು ಕೇಳಿದ ಮೇಲೆ ನನಗೆ ಬೇರೆ ಬೇರೆ ಅಜ್ಜಿಯರು ನೆನಪಾದರು. ಇವರಂತೆಯೇ ಯಾವುದೋ ಇಂಗ್ಲಿಷ್ ಊರಿನಲ್ಲಿ, ಯಾವುದೋ ಜರ್ಮನ್ ಹಳ್ಳಿಯಲ್ಲಿ ಕೂತು ಬಳ್ಳಾರಿ, ಮಂಗಳೂರು, ಧಾರವಾಡಗಳಲ್ಲಿದ್ದ ಮಗನ ದಾರಿ ಕಾದವರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮಕ್ಕಳ ಹೆಸರಿದೆ. ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಗೆ ಬಂದರು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ಆಗುತ್ತಿರಲಿಲ್ಲ. ಅವರು ಬಂದು ಇರುವುದಕ್ಕೆ ಕಾನೂನಿನ ಬಾಗಿಲು ತೆರೆದದ್ದು 1813ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಬಂದ ಹ್ಯಾಂಡ್ಸ್, ಕೋಟೆಯ ಗುಡ್ಡದ ಕೆಳಗೆ ಕೂತು ಕನ್ನಡ ಅಕ್ಷರ ತಿದ್ದತೊಡಗಿದರು.

ಈಗ ನೀವು ಆ ಮನುಷ್ಯ ಬಳ್ಳಾರಿಯಲ್ಲಿ ಕಳೆದ ಮೊದಲ ಡಿಸೆಂಬರನ್ನು ಕಲ್ಪಿಸಿಕೊಳ್ಳಿ. ನಮಗೆ ಕ್ರಿಸ್ಮಸ್ ಎಂದೊಡನೆ ಏನೇನು ಕಣ್ಣಿಗೆ ಬರುತ್ತದೋ ಅದರಲ್ಲಿ ಮುಕ್ಕಾಲು ಪಾಲು ಆಗ ಹುಟ್ಟಿಯೇ ಇರಲಿಲ್ಲ. 'ಸೈಲೆಂಟ್ ನೈಟ್' ಹಾಡು? ಅದನ್ನು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲ ಸಲ ಹಾಡಿದ್ದು 1818ರ ಡಿಸೆಂಬರ್ 24ರ ರಾತ್ರಿ. ಬರೆದವರು ಯೋಸೆಫ್ ಮೋರ್ ಎಂಬ ಸಹಾಯಕ ಪಾದ್ರಿ, ರಾಗ ಹಾಕಿದವರು ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾಮಾಸ್ತರು. ಮಾಸ್ತರೊಬ್ಬರ ರಾಗ ಜಗತ್ತೆಲ್ಲ ತಿರುಗಿತೆಂದರೆ ಮಾಸ್ತರಿಕೆ ಮಾಡಿದ ನನಗೆ ಸಂತೋಷವಾಗದೆ ಇರುತ್ತದೆಯೆ? ಇರಲಿ. ಆ ಹಾಡು ಹುಟ್ಟುವ ಹೊತ್ತಿಗೆ ಹ್ಯಾಂಡ್ಸ್ ಬಳ್ಳಾರಿಯ ಬಿಸಿಲಿನಲ್ಲಿ ಎಂಟು ವರ್ಷ ಕಳೆದಿದ್ದರು. ಗಿಡಕ್ಕೆ ದೀಪ ಕಟ್ಟುವ ರೂಢಿ ಇಂಗ್ಲೆಂಡಿನ ಮನೆಮನೆಗೆ ಹರಡಿದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1840ರ ಆಚೆಗೆ.

ಇನ್ನೊಂದು ಮಾತು. ಹ್ಯಾಂಡ್ಸ್ ಅವರ ಸಭೆಯವರಿಗೆ ಕ್ರಿಸ್ಮಸ್ಸಿನ ಸಡಗರವೇ ಕಡಿಮೆ. ಹಳೆಯ ಪ್ಯೂರಿಟನ್ನರ ದಾರಿಯಲ್ಲಿ ಬಂದವರು ಅವರು. ಆ ಪ್ಯೂರಿಟನ್ನರ ಕೈ ಮೇಲಾಗಿದ್ದಾಗ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ಸನ್ನೇ ನಿಷೇಧಿಸಿತ್ತು, ಬೈಬಲ್ಲಿನಲ್ಲಿ ಆ ದಿನ ಆಚರಿಸಿ ಎಂದು ಎಲ್ಲಿದೆ ಎಂಬ ವಾದ. ಸ್ಕಾಟ್ಲೆಂಡಿನಲ್ಲಂತೂ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಸ್ಕಾಟ್ಲೆಂಡ್ ಎಂದಾಗ ಥಾಮಸ್ ಮನ್ರೋ ನೆನಪಾಗುತ್ತಾರೆ. ಗ್ಲಾಸ್ಗೋ ಊರಿನವರು. 1800ರಲ್ಲಿ ಬಳ್ಳಾರಿ, ಕಡಪ ಸೀಮೆ ಕಂಪನಿಯ ಕೈಗೆ ಬಂದಾಗ ಕಲೆಕ್ಟರಾಗಿ ಬಂದವರು. ಮಂತ್ರಾಲಯದ ಬೃಂದಾವನದೊಳಗಿನ ಗುರುಗಳು ಅವರಿಗೆ ಮಾತ್ರ ಕಾಣಿಸಿ ಮಾತಾಡಿದರೆಂಬ ಕಥೆಯನ್ನು ನಮ್ಮ ಕಡೆ ಕೇಳದವರಿಲ್ಲ. ಆ ಮನ್ರೋ 1780ರಲ್ಲಿ ಮದರಾಸಿಗೆ ಬಂದವರು ಮತ್ತೆ ಊರು ಕಂಡದ್ದು 1807ರಲ್ಲಿ ಇಲ್ಲಿಂದ ಹೊರಟ ಮೇಲೆ. ಅಷ್ಟು ವರ್ಷ ತಂಗಿಗೆ ಉದ್ದುದ್ದ ಪತ್ರ ಬರೆದರು. ಮನ್ರೋ ಚರ್ಚಿನ ಕೆಲಸಕ್ಕೆ ಬಂದವರಲ್ಲ, ನಮ್ಮ ವಿಷಯಕ್ಕೆ ಸೇರುವವರೂ ಅಲ್ಲ. ಆದರೆ ಬಳ್ಳಾರಿಯ ಕಡೆಯ ಮಾತಿನಲ್ಲಿ ಅವರನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು.

ಎಲ್ಲಿದ್ದೆವು? ಹ್ಯಾಂಡ್ಸ್ ಅವರ ಡಿಸೆಂಬರ್. ದೀಪದ ಗಿಡವಿಲ್ಲ, ಹಾಡಿಲ್ಲ, ಹಿಮವಿಲ್ಲ. ಊರಿನಿಂದ ಪತ್ರ? ಆಫ್ರಿಕಾದ ತುದಿ ಸುತ್ತಿ ಬರುವ ಹಡಗು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಕ್ರಿಸ್ಮಸ್ಸಿಗೆಂದು ಬರೆದ ಪತ್ರ ಕೈ ಸೇರುವಾಗ ಬಳ್ಳಾರಿಯಲ್ಲಿ ಮಾವಿನಕಾಯಿ ಕಾಲ. ಹೊರಗೆ ಡಿಸೆಂಬರಿನ ನಮ್ಮ ಚಳಿ, ಬೆಳಿಗ್ಗೆ ಕಂಬಳಿ ಬೇಕೆನಿಸಿ ಹತ್ತು ಗಂಟೆಗೆ ಅಂಗಿಯೂ ಭಾರವೆನಿಸುವ ಚಳಿ. ಹೊಲದಲ್ಲಿ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಈ ಮನುಷ್ಯ ಕನ್ನಡದಲ್ಲಿ ಕ್ರಿಸ್ತನ ಕಥೆ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದಾರೆ. ಪೂರ್ತಿ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಬಂದ ಮೇಲೆ ಇಪ್ಪತ್ತೊಂದು ವರ್ಷ. ಜೊತೆಗಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಊರಿಗೆ ಹೋಗಲಾಗದೆ ಇದ್ದವರು ಇದ್ದ ಊರನ್ನೇ ಕಲಿತರು ಎಂದು ನಾನು ಹೇಳುವುದು ಇದಕ್ಕೇ. ಅವರ ಮತಪ್ರಚಾರ ನಿಮಗೆ ಒಪ್ಪಿಗೆಯಾಗಬಹುದು, ಆಗದಿರಬಹುದು. ಅದು ಬೇರೆ ಹರಟೆ. ಇಷ್ಟೊಂದು ಹಬ್ಬಗಳನ್ನು ಪರಊರಿನಲ್ಲಿ ಕಳೆದು ನಮ್ಮ ಮಾತನ್ನು ಒಂದೊಂದಾಗಿ ಎತ್ತಿಟ್ಟುಕೊಂಡವರ ಶ್ರಮ ದೊಡ್ಡದು, ಅದನ್ನು ದೊಡ್ಡದೆಂದೇ ಹೇಳಬೇಕು.

ಬಳ್ಳಾರಿಯ ಈ ಮಿಷನರಿಗಳು ಹಂಪಿಯ ಜಾತ್ರೆಗೂ ಹೋಗುತ್ತಿದ್ದರು, ಪುಸ್ತಕ ಹಂಚುವುದಕ್ಕೆ. ಬಳ್ಳಾರಿಯಿಂದ ಹಂಪಿಗೆಂದರೆ ನಮ್ಮ ಸೀಮೆಯ ಮೇಲೆಯೇ ಹೋಗಬೇಕು. ತಮ್ಮ ಹಬ್ಬಕ್ಕೆ ಊರು ಸೇರಲಾಗದವರು ವಿರೂಪಾಕ್ಷನ ತೇರಿಗೆ ತಪ್ಪದೆ ಸೇರಿದರು. ಹಂಪಿಗೆ ಇದು ಹೊಸದೇನೂ ಅಲ್ಲ. ಇವರಿಗಿಂತ ಸರಿಯಾಗಿ ಮುನ್ನೂರು ವರ್ಷ ಮೊದಲು, 1510ರಲ್ಲಿ, ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ಪೋರ್ಚುಗೀಸರ ಅಲ್ಬುಕರ್ಕನ ರಾಯಭಾರಿಯಾಗಿ ಕೃಷ್ಣದೇವರಾಯರ ವಿಜಯನಗರಕ್ಕೆ ಬಂದಿದ್ದರು. ಬಂದವರು ತಿರುಗಿ ಹೋಗಲಿಲ್ಲ; ಈ ನಗರದಲ್ಲೇ ಅವರ ಕೊಲೆಯಾಯಿತು. ಅದಾಗಿ ಹತ್ತು ವರ್ಷದ ಸುಮಾರಿಗೆ ಬಂದ ದೊಮಿಂಗೊ ಪಾಯೆಸ್ ಮಹಾನವಮಿ ಹಬ್ಬವನ್ನು ಕಣ್ಣರಳಿಸಿ ನೋಡಿ ಬರೆದಿಟ್ಟದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪಾಯೆಸ್ ನೆನಪಿದ್ದಾನೆ, ಲೂಯಿಸ್ ಮರೆತುಹೋದರು. ಮಹಾನವಮಿ ದಿಬ್ಬದ ಮುಂದೆ ನಿಂತಾಗಲೆಲ್ಲ ನನಗೆ ಈ ಸಂನ್ಯಾಸಿಯ ನೆನಪು ಬರುತ್ತದೆ.

ಫ್ರಾನ್ಸಿಸ್ಕನ್ ಎಂದೆನಲ್ಲ, ಅದಕ್ಕೊಂದು ಉಪಕಥೆಯಿದೆ. ಕ್ರಿಸ್ಮಸ್ಸಿಗೆ ಚರ್ಚಿನಲ್ಲೂ ಮನೆಯಲ್ಲೂ ಗೋದಲಿ ಮಾಡುತ್ತಾರಲ್ಲ, ಹುಲ್ಲು ಹಾಸಿ, ದನ ಕತ್ತೆ ಇಟ್ಟು, ನಡುವೆ ಬಾಲಯೇಸುವನ್ನು ಮಲಗಿಸುವುದು, ಅದನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ನಿಜವಾದ ಕತ್ತೆ ತಂದು ನಿಲ್ಲಿಸಿ ಮಾಡಿ ತೋರಿಸಿದವರು ಅಸ್ಸಿಸಿಯ ಸಂತ ಫ್ರಾನ್ಸಿಸರು. ಈ ಲೂಯಿಸರು ಅವರ ಪರಂಪರೆಯವರು. ಇನ್ನೂ ಕೇಳಿ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಆದಾಗ ಅದರ ಮೊದಲ ಬಿಷಪ್ಪರಾದ ಜಾನ್ ಫಾರೆಸ್ಟ್ ಹೋಗನ್ ಕೂಡ ಅದೇ ಫ್ರಾನ್ಸಿಸ್ಕನ್ ಸಭೆಯವರು, ಅಮೆರಿಕದಿಂದ ಬಂದವರು. ಗೋದಲಿಯ ಎತ್ತು ನಮ್ಮವರಿಗೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಟ್ಟಿಗೆಯಲ್ಲಿ ಹೆರಿಗೆಯಾದ ಕಥೆ ದನ ಕಟ್ಟಿದ ಮನೆಯವರಿಗೆ ಅರ್ಥವಾಗುವಷ್ಟು ಇನ್ನಾರಿಗೆ ಅರ್ಥವಾಗಬೇಕು? ನಮ್ಮ ಅಜ್ಜಿಯ ಮನೆಯ ಗೋದಲಿಯಲ್ಲಿ ಎತ್ತಿನ ಕೊರಳಿಗೆ ಕೆಂಪು ನೂಲಿನ ಗೊಂಡೆಯಿರುತ್ತದೆ, ಕಾರಹುಣ್ಣಿಮೆಗೆ ಕಟ್ಟುತ್ತಾರಲ್ಲ, ಅಂಥದ್ದು.

ಕರಾವಳಿಯ ಕಡೆಗೆ ಬಂದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರ ಡಿಸೆಂಬರಿನಲ್ಲಿ ಹರ್ಮನ್ ಮೋಗ್ಲಿಂಗ್. ಇವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಕ್ರಿಸ್ಮಸ್ ಎಂದರೆ ಇಡೀ ತಿಂಗಳು ಮನೆ ಬೆಳಗುವ ಕಡೆಯವರು. ಹ್ಯಾಂಡ್ಸ್ ಅವರಿಗಿಂತ ಇವರಿಗೆ ಊರಿನ ನೆನಪು ಹೆಚ್ಚು ಕಾಡಿರಬೇಕು. ಒಂದು ಸೋಜಿಗ ನೋಡಿ. ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬುವರು ಮೊಟ್ಟಮೊದಲ ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದರು, ಡಿಕನ್ಸನ 'ಎ ಕ್ರಿಸ್ಮಸ್ ಕ್ಯಾರೊಲ್' ಪ್ರಕಟವಾಯಿತು. ಪರಸ್ಪರ ಸಂಬಂಧವೇನೂ ಇಲ್ಲ, ಆದರೂ ಇಂಥ ಹೊಂದಿಕೆ ಕಂಡರೆ ನನಗೆ ಖುಷಿ. ಮರುವರ್ಷ ಆ ಪತ್ರಿಕೆ ನಮ್ಮ ಬಳ್ಳಾರಿಗೇ ಬಂತು. ಇಲ್ಲಿಯ ಮಿಷನ್ ಅಚ್ಚುಕೂಟದಲ್ಲಿ ಅಚ್ಚುಮೊಳೆಯ ಸೌಕರ್ಯವಿತ್ತು. 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಹೊರಟಿತು. ಕನ್ನಡ ಪತ್ರಿಕೋದ್ಯಮದ ಎರಡನೆಯ ಹುಟ್ಟು ಬಳ್ಳಾರಿಯಲ್ಲಾಯಿತೆಂದು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಹೇಳಿಕೊಳ್ಳುವುದಿಲ್ಲ ಎಂಬುದು ನನ್ನ ಹಳೆಯ ಸಂಕಟ.

ಕಿಟೆಲ್ ಅವರ ಹೆಸರು ಬಾರದೆ ಈ ಮಾತು ಮುಗಿಯುವುದಿಲ್ಲ. 1853ರಲ್ಲಿ ಬಂದರು, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಹೊರಬಂತು. ನಡುವೆ ಒಮ್ಮೆ ಜರ್ಮನಿಗೆ ಹೋದವರು ನಿಘಂಟಿಗಾಗಿಯೇ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಕನ್ನಡನಾಡಿಗೆ ಬಂದರು. ಕೊನೆಗೆ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡದ್ದು 1903ರ ಡಿಸೆಂಬರ್ 18ರಂದು, ಅಂದರೆ ಕ್ರಿಸ್ಮಸ್ಸಿಗೆ ಒಂದು ವಾರ ಮೊದಲು.

ಇದುವರೆಗೆ ಹೇಳಿದ್ದೆಲ್ಲ ಅಲ್ಲಿಂದ ಇಲ್ಲಿಗೆ ಬಂದವರ ಮಾತಾಯಿತು. ಇಲ್ಲಿಂದ ಅಲ್ಲಿಗೆ ಹೋದವರಲ್ಲಿ ಮೊದಲಿಗರು ಯಾರು? ನಮ್ಮ ಅಜ್ಜಿಯ ಮಗನಿಗೆ ಹಿರಿಯಣ್ಣ ಯಾರು? ನನಗೆ ಈ ಇಡೀ ಸಂಗತಿಯಲ್ಲಿ ಬಹಳ ಹಿಡಿಸುವ ಮನುಷ್ಯ ಅವರೇ. ಆನಂದರಾವ್ ಕೌಂಡಿನ್ಯ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದರು. ಆ ದಿನ ಕ್ರೈಸ್ತರಿಗೆ ಮೂವರು ಜ್ಞಾನಿಗಳ ಹಬ್ಬ. ಊರಿನಲ್ಲಿ ದೊಡ್ಡ ಗದ್ದಲವಾಯಿತು, ಮನೆಯವರ ಜೊತೆ ಬಿರುಕು ಬಿತ್ತು, ಹೆಂಡತಿ ತವರಿನಲ್ಲೇ ಉಳಿದರು. 1846ರಲ್ಲಿ ಮೋಗ್ಲಿಂಗರ ಜೊತೆಗೆ ಬಾಸೆಲ್ಲಿಗೆ ಹೋದರು. ಅಲ್ಲಿಯ ಮಿಷನ್ ಮನೆಯಲ್ಲಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ತಿರುಗಿ ಬಂದರು.

ಮಂಗಳೂರಿನ ಹುಡುಗ, ಇಪ್ಪತ್ತೊಂದರ ಪ್ರಾಯ. ಡಿಸೆಂಬರಿನ ಬಾಸೆಲ್ಲಿನಲ್ಲಿ ಸೂರ್ಯ ಏಳುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ಮುಳುಗುವುದು ಸಂಜೆ ಐದಕ್ಕೂ ಮೊದಲು. ಆ ದಿನಗಳಲ್ಲಿ ಕರೆಂಟಿಲ್ಲ. ಸಮುದ್ರದ ಉಪ್ಪು ಗಾಳಿ, ತೆಂಗಿನೆಣ್ಣೆಯ ಒಗ್ಗರಣೆ, ಮಳೆ, ಕುಚ್ಚಲಕ್ಕಿ ಗಂಜಿ ಇವುಗಳ ನಡುವೆ ಬೆಳೆದವರು ರೈನ್ ನದಿಯ ದಂಡೆಯ ಮಂಜಿನಲ್ಲಿ ಕೂತು ಗ್ರೀಕು, ಹೀಬ್ರೂ ಓದಬೇಕು. ಕೌಂಡಿನ್ಯರ ತಾಯಿ ಈಗ ನಮ್ಮ ಅಜ್ಜಿಯ ಜಾಗದಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಅವರಿಗೆ ಈ ಅಜ್ಜಿಗಿರುವ ಹೆಮ್ಮೆಯ ಪಾಲೂ ಇಲ್ಲ. ಮಗನ ದೇವರೂ ದೂರ, ಮಗನ ಊರೂ ದೂರ. ದೀಪಾವಳಿಗೆ ಅಭ್ಯಂಜನದ ನೀರು ಕಾಯಿಸುವಾಗ ಆ ತಾಯಿಗೆ ಏನನ್ನಿಸಿರಬೇಕು? ಅತ್ತ ಬಾಸೆಲ್ಲಿನಲ್ಲಿ ಎಲ್ಲರೂ ಹಾಡುವ ರಾತ್ರಿ ಆ ಮಗನಿಗೆ ಯಾವ ಹಬ್ಬ ನೆನಪಾಗಿರಬೇಕು? ಅವರು ಬಿಟ್ಟುಬಂದದ್ದು ದೀಪಾವಳಿಯನ್ನು, ಕೂತದ್ದು ಕ್ರಿಸ್ಮಸ್ಸಿನಲ್ಲಿ. ಎರಡೂ ದೀಪದ ಹಬ್ಬಗಳೇ. ಒಂದು ದೀಪ ಇನ್ನೊಂದನ್ನು ನೆನಪಿಗೆ ತಾರದೆ ಬಿಟ್ಟೀತೆ?

ತಿರುಗಿ ಬಂದ ಕೌಂಡಿನ್ಯರು 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬುವರನ್ನು ಮದುವೆಯಾದರು. ಕೊಡಗಿನ ಆನಂದಪುರದಲ್ಲಿ, ಬೇರೆ ಕಡೆಗಳಲ್ಲಿ ದುಡಿದು 1893ರಲ್ಲಿ ತೀರಿಕೊಂಡರು. ಹಾಗಾದರೆ ಆಮೇಲಿನ ಡಿಸೆಂಬರುಗಳಲ್ಲಿ ಪರಊರಿನ ಹಬ್ಬ ಮರೀ ಅವರ ಪಾಲಿಗೆ ಬಂತಲ್ಲವೆ? ಗಂಡ ಬಾಸೆಲ್ಲಿನಲ್ಲಿ ಕಳೆದ ಹಬ್ಬಗಳ ಋಣವನ್ನು ಹೆಂಡತಿ ಇಲ್ಲಿ ತೀರಿಸಿದಂತಾಯಿತು. ಆ ಮನೆಯಲ್ಲಿ ಒಬ್ಬರ ಒಂಟಿತನ ಇನ್ನೊಬ್ಬರಿಗೆ ಬಿಡಿಸಿ ಹೇಳದೆಯೇ ತಿಳಿಯುತ್ತಿತ್ತೆಂದು ನನ್ನ ನಂಬಿಕೆ.

ಈಗಿನ ಕಾಲಕ್ಕೆ ಬರೋಣ. ಕೊಲ್ಲಿ ದೇಶಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳಿವೆ. ಅಲ್ಲಿ ಬಹಳ ಕಡೆ ವಾರದ ರಜೆ ಶುಕ್ರವಾರ. ಹಾಗಾಗಿ ನಮ್ಮವರು ಭಾನುವಾರದ ಆರಾಧನೆಯನ್ನು ಶುಕ್ರವಾರಕ್ಕೆ ತಂದುಕೊಂಡು ಎಷ್ಟೋ ವರ್ಷ ನಡೆಸಿದರು. ದುಬೈ ಕಡೆ 2022ರಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು. ಡಿಸೆಂಬರ್ 25 ಅಲ್ಲಿ ಸರಕಾರಿ ರಜೆಯಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ, ಯೂನಿಫಾರಂ ಬದಲಿಸಿ, ಓಡೋಡಿ ಬಂದು ಕೀರ್ತನೆ ಹಾಡುವ ನರ್ಸುಗಳಿದ್ದಾರೆ. ಮಂಗಳೂರಿನವರಾದರೆ ಊರಿನಿಂದ ಕುಸ್ವಾರ್ ಬಂದಿರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ಎಂದು ತಟ್ಟೆ ತುಂಬ ಹರಡಿ ಹಂಚುವ ಆ ತಿಂಡಿಯ ಸಡಗರ ನಮ್ಮ ಬಯಲುಸೀಮೆಯವರಿಗಿಲ್ಲ. ನಮ್ಮ ಕಡೆಯ ಪಾರ್ಸೆಲ್ಲೆಂದರೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಿರೊಟ್ಟಿ. ಇದನ್ನು ಕಡಿಮೆಯೆಂದು ತಿಳಿಯಬೇಡಿ. ತಿಂಗಳು ಇಟ್ಟರೂ ಕೆಡದ ರೊಟ್ಟಿ ಮಾಡಿದ ನಮ್ಮ ಹೆಂಗಸರು ಪರದೇಶಕ್ಕೆ ಹೋಗುವ ಮಕ್ಕಳನ್ನು ನೂರಾರು ವರ್ಷ ಮೊದಲೇ ನೆನೆದಿದ್ದರೇನೋ.

ಆ ಚಟ್ನಿಯ ಡಬ್ಬಿ ಜರ್ಮನಿಗೂ ಹೋಗುತ್ತದೆ. ಅಜ್ಜಿಯ ಮಗ ಬೇಸಿಗೆಯಲ್ಲಿ ಬಂದಾಗ ಹೇಳಿದ್ದು ನನಗೆ ಮನಸ್ಸಿನಲ್ಲಿ ನಿಂತಿದೆ. ಅಲ್ಲಿ ಡಿಸೆಂಬರ್ 24ರ ಸಂಜೆ ಮನೆಯವರ ಹಬ್ಬ. ಅಂಗಡಿಗಳು ಮಧ್ಯಾಹ್ನಕ್ಕೇ ಮುಚ್ಚುತ್ತವೆ, ಬೀದಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಮನೆಮನೆಯೂ ಬಾಗಿಲು ಹಾಕಿಕೊಂಡು ತನ್ನವರ ಜೊತೆ ಕೂರುತ್ತದೆ. 25, 26 ಎರಡು ದಿನವೂ ರಜೆ. ಫಾದರಿಗೆ ಮಾತ್ರ ಮಧ್ಯಾಹ್ನ ಒಂದು ಹಳ್ಳಿಯಲ್ಲಿ ಮಕ್ಕಳ ಗೋದಲಿಯ ಆರಾಧನೆ, ಸಂಜೆ ಇನ್ನೊಂದು ಹಳ್ಳಿಯಲ್ಲಿ ಪೂಜೆ, ರಾತ್ರಿ ಮತ್ತೊಂದರಲ್ಲಿ. ಜಾರುವ ಹಿಮದ ರಸ್ತೆಯಲ್ಲಿ ತಾನೇ ಕಾರು ನಡೆಸಿಕೊಂಡು ಹೋಗಬೇಕು. ಎಲ್ಲ ಮುಗಿಸಿ ಚರ್ಚಿನ ಬಾಗಿಲು ಹಾಕಿ ತನ್ನ ಮನೆಗೆ ಬಂದರೆ ಒಳಗೆ ಯಾರೂ ಇಲ್ಲ. "ನೂರಾರು ಜನರಿಗೆ ಹಬ್ಬದ ಶುಭಾಶಯ ಹೇಳಿ ಬಂದಿರ್ತೀನಿ ಸರ್, ಮನೆಯೊಳಗೆ ಬಂದ್ರೆ ಗಡಿಯಾರದ ಸದ್ದೇ ದೊಡ್ಡದಾಗಿ ಕೇಳುತ್ತೆ" ಅಂದರು.

ಆಗ ಅಲ್ಲಿ ರಾತ್ರಿ ಹನ್ನೊಂದು. ಇಲ್ಲಿ ಬೆಳಗಿನ ಜಾವ ಮೂರೂವರೆ. ಬಳ್ಳಾರಿಯ ನಡುರಾತ್ರಿಯ ಪೂಜೆ ಮುಗಿಸಿ, ಬಾಡಿಗೆ ಗಾಡಿಯಲ್ಲಿ ಬಂದು, ಮಲಗದೆ ಕೂತಿರುತ್ತಾರೆ ಅಜ್ಜಿ. ಫೋನು ಬರುತ್ತದೆ. ಮೊದಲ ಪ್ರಶ್ನೆ ಬದಲಾದದ್ದೇ ಇಲ್ಲ. "ಉಂಡ್ಯೇನಪ್ಪ?"

ಒಂದು ವರ್ಷ ಆ ಪ್ರಶ್ನೆಗೆ ಮಗ "ಉಂಡೆ ಅವ್ವ, ಇಲ್ಲೊಬ್ಬ ಅಜ್ಜ ಅಜ್ಜಿ ಕರೆದಿದ್ರು" ಎಂದರಂತೆ. ಹಳ್ಳಿಯ ವಯಸ್ಸಾದ ದಂಪತಿ, ಬಾಗಿಲು ಹಾಕಿಕೊಳ್ಳುವ ಆ ಸಂಜೆಯಲ್ಲೂ ಇವರಿಗೊಂದು ಕುರ್ಚಿ ಹಾಕಿದ್ದರು. ಆಲೂಗಡ್ಡೆಯ ಸಲಾಡು, ಸಾಸೇಜು. ಅಷ್ಟೇ ಅಲ್ಲಿಯ 24ರ ರಾತ್ರಿಯ ಊಟ, ಎಷ್ಟೋ ಮನೆಗಳಲ್ಲಿ. ದೊಡ್ಡ ಅಡುಗೆ ಮರುದಿನಕ್ಕೆ. ಮಗ ಜೇಬಿನಿಂದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ಆಲೂಗಡ್ಡೆಯ ಮೇಲೆ ಉದುರಿಸಿದರಂತೆ, ಆ ಅಜ್ಜನೂ ಕೇಳಿ ಹಾಕಿಸಿಕೊಂಡನಂತೆ. ಈ ಕಥೆಯನ್ನು ನಮ್ಮ ಅಜ್ಜಿ ಓಣಿಯಲ್ಲಿ ಎಷ್ಟು ಜನರಿಗೆ ಹೇಳಿದ್ದಾರೋ! ಆ ಜರ್ಮನ್ ಅಜ್ಜಿಯ ಹೆಸರು ಇವರ ಬಾಯಿಗೆ ಸರಿಯಾಗಿ ಬರುವುದಿಲ್ಲ. "ನನ್ನ ಮಗನಿಗೆ ಉಣ್ಣಾಕಿಟ್ಟ ತಾಯಿ" ಎನ್ನುತ್ತಾರೆ.

ಅದಾದ ಮೇಲೆ ಇನ್ನೊಂದು ನಡೆಯಿತು. ಅಜ್ಜಿಯ ಓಣಿಯ ತುದಿಯ ಬಾಡಿಗೆ ಕೋಣೆಯಲ್ಲಿ ಜಾರ್ಖಂಡಿನ ಇಬ್ಬರು ಹುಡುಗರಿದ್ದರು. ಕ್ರೈಸ್ತರು. ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಕ್ರಿಸ್ಮಸ್ಸಿಗೆ ಊರಿಗೆ ಹೋಗಲು ಆಗಿರಲಿಲ್ಲ. ಅಜ್ಜಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಅಜ್ಜಿ ಹೋಗಿ ಬಾಗಿಲು ಬಡಿದು, ಕೈಸನ್ನೆ ಮಾಡಿ, ಕರೆದುಕೊಂಡು ಬಂದು ಎಲೆ ಹಾಕಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೋಳಿ ಸಾರು, ಶೇಂಗಾ ಹೋಳಿಗೆ. ಊಟವಾದ ಮೇಲೆ ಹುಡುಗರು ಗೋದಲಿಯ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಒಂದು ಹಾಡು ಹಾಡಿದರು. ನನ್ನನ್ನೂ ಕರೆದಿದ್ದರಿಂದ ನಾನೂ ಅಲ್ಲಿದ್ದೆ. ಹಾಡಿನ ಮಾತು ತಿಳಿಯಲಿಲ್ಲ, ರಾಗ ಗುರುತು ಸಿಕ್ಕಿತು. ಆಸ್ಟ್ರಿಯಾದ ಆ ಮಾಸ್ತರದೇ.

ನಮ್ಮ ಕಡೆ ಡಿಸೆಂಬರಿನಲ್ಲೋ ಜನವರಿಯಲ್ಲೋ ಎಳ್ಳಮಾವಾಸ್ಯೆ ಬರುತ್ತದೆ. ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಪೈರಿಗೆ ಚರಗ ಚೆಲ್ಲಿ, ಆಮೇಲೆ ನೆರಳಿನಲ್ಲಿ ಕೂತು ಉಣ್ಣುವ ಹಬ್ಬ. ಆ ದಿನ ಹೊಲದ ದಾರಿಯಲ್ಲಿ ಹೋಗುವವರನ್ನು ಯಾರು ಎತ್ತ ಎಂದು ಕೇಳದೆ ಕರೆದು ಕೂರಿಸುವುದು ಹಿರಿಯರು ಇಟ್ಟ ರೂಢಿ. ಸಜ್ಜೆ ರೊಟ್ಟಿ, ಕಡುಬು, ಭರ್ತ, ಪುಂಡಿಪಲ್ಯ, ಮೊಸರು ಬುತ್ತಿ ಯಾವಾಗಲೂ ಮನೆಯವರ ಲೆಕ್ಕಕ್ಕಿಂತ ನಾಲ್ಕು ಜನಕ್ಕೆ ಹೆಚ್ಚೇ ಕಟ್ಟುತ್ತಾರೆ. ಅಜ್ಜಿ ಮಾಡಿದ್ದು ಅದನ್ನೇ. ಅಂದು ಕಳೆದು ಕೆಲವೇ ದಿನಕ್ಕೆ ಬಂದ ಎಳ್ಳಮಾವಾಸ್ಯೆಗೆ ನಾನು ಆ ಹುಡುಗರನ್ನು ನಮ್ಮ ಹೊಲಕ್ಕೆ ಕರೆದೊಯ್ದೆ. ಕಡಲೆಗಿಡ ಕಿತ್ತು ಸುಟ್ಟು ತಿನ್ನುವುದು ಅವರಿಗೂ ಗೊತ್ತಿತ್ತು!

ಹಬ್ಬ ಮಾಡಿಸಲು ಹೋದವರು, ದುಡಿಯಲು ಬಂದವರು, ಆಸ್ಪತ್ರೆ ಶಾಲೆಗಳಲ್ಲಿರುವ ಸಿಸ್ಟರುಗಳು, ಪಾಳಿಯ ಮೇಲಿರುವವರು, ಇಂಥವರು ನಿಮ್ಮ ಓಣಿಯಲ್ಲೂ ಇದ್ದಾರೆ. ಈ ಸಲದ ಹಬ್ಬಕ್ಕೆ, ಅದು ಯಾರ ಹಬ್ಬವೇ ಆಗಲಿ, ಒಬ್ಬರನ್ನು ಕರೆಯಿರಿ. ಇನ್ನು ನೀವೇ ಹಂಪಿ ನೋಡಲೆಂದು ಡಿಸೆಂಬರಿನಲ್ಲಿ ಈ ಕಡೆ ಬಂದರೆ ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದು ತೋರಣಗಲ್ಲಿಗೆ ಬನ್ನಿ, ಕುರೆಕುಪ್ಪ ಅಲ್ಲಿಗೆ ಹತ್ತಿರವೇ. ರೊಟ್ಟಿ ಬಿಸಿಯಿರುವ ಹೊತ್ತಿಗೆ, ಮಧ್ಯಾಹ್ನ ಒಂದರೊಳಗೆ ಬಂದರೆ ಒಳ್ಳೆಯದು.